ಕಥಾಕ್ರೀಡೆಯ ಸಾರಥಿಯೂ ದಾಳಗಳ ಗಣಿತವೂ

ದಾಳವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರಿಗೆ ಧರ್ಮರಾಯನ ಸೋಲು ನೆನಪಾಗುವುದು ಸಹಜ. ಪಣ, ಜೂಜು, ವನವಾಸ ಇವೆಲ್ಲವೂ ಆ ಮಾತಿನ ಬೆನ್ನಿಗೇ ಬರುತ್ತವೆ. ಆದರೆ ಪಣವೇ ಇಲ್ಲದ, ಗೆದ್ದವನೂ ಸೋತವನೂ ಇಲ್ಲದ ದಾಳದಾಟವೊಂದುಂಟು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಯಾರೂ ಮೊದಲೇ ಬರೆದಿಡದ ಕಥೆಯೊಂದನ್ನು ಮಾತಿನಲ್ಲಿಯೇ ನಡೆಸಿಕೊಂಡು ಹೋಗುವ ಆಟವಿದು. ಇದನ್ನು ನಾವು ಕಥಾಕ್ರೀಡೆ ಎಂದು ಕರೆಯೋಣ. ಇದನ್ನು ಮೊದಲ ಬಾರಿಗೆ ನಡೆಸಬಯಸುವ ವಿದ್ಯಾರ್ಥಿಯು ಕಲ್ಪನೆಯ ಜೊತೆಗೆ ಸ್ವಲ್ಪ ಗಣಿತವನ್ನೂ ಅರಿತಿರಬೇಕು. ಇಲ್ಲವಾದರೆ ಕಥೆಯು ಮೊದಲ ಸಂಜೆಯೇ ನಿಂತುಹೋಗಿ, ಗೆಳೆಯರು ಮತ್ತೊಮ್ಮೆ ಕೂಡದೆ ಹೋದಾರು.

ಆಟದ ಹುಟ್ಟು

1824ರಲ್ಲಿ, ಎಂದರೆ ನಮ್ಮ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನು ಕಂಪನಿಯ ದಂಡನ್ನು ಎದುರಿಸಿದ ವರ್ಷವೇ, ಪ್ರಷ್ಯ ದೇಶದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಯುದ್ಧಕ್ರೀಡೆಯೊಂದರ ನಿಯಮಗಳನ್ನು ಪ್ರಕಟಿಸಿದನು. ನಕ್ಷೆಯ ಮೇಲೆ ಸೈನ್ಯಗಳನ್ನು ನಡೆಸುವ ಆ ಆಟದಲ್ಲಿ ಒಬ್ಬ ಮಧ್ಯಸ್ಥನಿದ್ದನು. ಕಾಳಗದ ಫಲವನ್ನು ದಾಳಗಳು ಹೇಳುತ್ತಿದ್ದುವು. ಇಂತಹ ಯುದ್ಧಕ್ರೀಡೆಗಳ ಪರಂಪರೆಯಿಂದ ಬಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಇಲ್ಲಿ ಆಟಗಾರನು ಸೈನ್ಯವನ್ನು ನಡೆಸುವುದಿಲ್ಲ. ಒಬ್ಬನೇ ವ್ಯಕ್ತಿಯ ಪಾತ್ರವನ್ನು ವಹಿಸುತ್ತಾನೆ. ಈ ಬದಲಾವಣೆಯಿಂದಲೇ ಯುದ್ಧಕ್ರೀಡೆಯು ಕಥಾಕ್ರೀಡೆಯಾಯಿತು.

ಉತ್ತರ ಕರ್ನಾಟಕದ ದೊಡ್ಡಾಟವನ್ನು ನೋಡಿದವರಿಗೆ ಇದರ ಏರ್ಪಾಡು ತೀರ ಹೊಸದೆನಿಸಲಾರದು. ದೊಡ್ಡಾಟದಲ್ಲಿ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಅದನ್ನು ಮಾತನಾಡಿಸಿ, ಯಾರು, ಎಲ್ಲಿಂದ ಬಂದವರು ಎಂದು ಕೇಳುತ್ತಾನಷ್ಟೆ. ಕಥಾಕ್ರೀಡೆಯನ್ನು ನಡೆಸುವವನನ್ನು ನಾವೂ ಸಾರಥಿಯೆಂದೇ ಕರೆಯಬಹುದು. ಅವನ ಕೆಲಸ ಮೂರು ಬಗೆಯದು: ಸನ್ನಿವೇಶವನ್ನು ವರ್ಣಿಸುವುದು, “ಈಗ ನೀವೇನು ಮಾಡುವಿರಿ?” ಎಂದು ಕೇಳುವುದು, ಆಟಗಾರರ ಉತ್ತರದಿಂದ ಏನಾಯಿತೆಂಬುದನ್ನು ತಿಳಿಸುವುದು. ಏನಾಗುವುದೆಂಬುದು ನಿಶ್ಚಯವಿಲ್ಲದೆಡೆ ಮಾತ್ರ ದಾಳ ಉರುಳಬೇಕು. ತೆರೆದಿರುವ ಬಾಗಿಲನ್ನು ದಾಟಲು ದಾಳವೇಕೆ?

ಬೆಣ್ಣೆಹಳ್ಳದ ದಡದಲ್ಲಿ

ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ನಾಲ್ವರು ಪಾತ್ರಧಾರಿಗಳಿದ್ದಾರೆ: ಜಟ್ಟಿ, ವೈದ್ಯೆ, ಮಾಂತ್ರಿಕ, ಅಂಬಿಗ. ಮೊಹರು ಮಾಡಿದ ಓಲೆಯೊಂದನ್ನು ಅವರು ನರಗುಂದದ ಕೋಟೆಯಿಂದ ಗಜೇಂದ್ರಗಡದ ಕೋಟೆಗೆ ಒಯ್ಯಬೇಕಾಗಿದೆ. ದಾರಿಯಲ್ಲಿ ಬೆಣ್ಣೆಹಳ್ಳವನ್ನು ದಾಟಬೇಕು, ರೋಣವನ್ನು ಸೇರಬೇಕು, ಮುಂದೆ ಸೂಡಿಯ ನಾಗಕುಂಡದಲ್ಲಿ ಮಾತನಾಡುವ ಸರ್ಪವೊಂದನ್ನು ಕಾಣಬೇಕು. ಸರ್ಪವು ನಮ್ಮ ಕಲ್ಪನೆ. ಊರುಗಳೂ ಕೋಟೆಗಳೂ ಕುಂಡವೂ ನಿಜವಾದುವು. ಪರಿಚಿತ ನೆಲವನ್ನು ಆರಿಸಿಕೊಂಡರೆ ಸಾರಥಿಗೆ ವರ್ಣನೆಯ ಶ್ರಮ ಅರ್ಧದಷ್ಟು ಕಡಿಮೆಯಾಗುವುದು.

ಮಳೆಗಾಲದಲ್ಲಿ ಬೆಣ್ಣೆಹಳ್ಳವು ಹೇಗೆ ಉಕ್ಕುವುದೆಂಬುದು ಆ ಸೀಮೆಯವರಿಗೆಲ್ಲ ಗೊತ್ತು. ಹಳ್ಳ ತುಂಬಿದೆ. ಸಾರಥಿಯು, “ಎರಡು ದಾಳಗಳನ್ನು ಉರುಳಿಸಿರಿ, ಮೊತ್ತ 5 ಅಥವಾ ಹೆಚ್ಚು ಬಿದ್ದವನು ದಾಟಿದಂತೆ” ಎನ್ನುತ್ತಾನೆ. ಇದು ಸುಲಭವೋ ಕಠಿಣವೋ?

ಆರು ಮುಖದ ಎರಡು ದಾಳಗಳು 36 ರೀತಿಯಲ್ಲಿ ಬೀಳಬಲ್ಲವು. ಮೊತ್ತ 2 ಆಗುವುದು ಒಂದು ರೀತಿಯಲ್ಲಿ, 3 ಎರಡು ರೀತಿಯಲ್ಲಿ, 4 ಮೂರು ರೀತಿಯಲ್ಲಿ. ಈ ಆರನ್ನು ಕಳೆದರೆ ಉಳಿದ 30 ರೀತಿಗಳಲ್ಲಿ ದಾಟುವಿಕೆ ಸಫಲ. ಎಂದರೆ ಸಂಭವನೀಯತೆ 30/36 ಅಥವಾ 5/6. ಒಬ್ಬನಿಗೆ ಇದು ಸುಲಭವೇ ಸರಿ. ಆದರೆ ನಾಲ್ವರೂ ದಾಟಿದರೆ ಮಾತ್ರ ಕಥೆ ಮುಂದೆ ಸಾಗುವುದೆಂದು ಸಾರಥಿ ವಿಧಿಸಿದರೆ, 5/6ನ್ನು ನಾಲ್ಕು ಬಾರಿ ಗುಣಿಸಬೇಕು. ಆಗ ದೊರೆಯುವುದು 625/1296. ನೂರಕ್ಕೆ ಸುಮಾರು 48. ಸುಲಭವೆಂದು ತೋರಿದ ಪರೀಕ್ಷೆಯಲ್ಲಿ ಸೋಲೇ ಗೆಲುವಿಗಿಂತ ಹೆಚ್ಚು ಸಂಭವನೀಯವಾಯಿತು! ಹೊಸ ಸಾರಥಿಗಳ ಕಥೆಗಳು ಇಂತಹ ಹಳ್ಳಗಳಲ್ಲಿಯೇ ಮುಳುಗುವುದುಂಟು.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು, ಇಡೀ ಗುಂಪಿನ ಪರವಾಗಿ ಅಂಬಿಗನೊಬ್ಬನೇ ದಾಳ ಉರುಳಿಸುವುದು. ಎರಡನೆಯದು ಇನ್ನೂ ಉತ್ತಮ: ಸೋಲು ಕಥೆಯನ್ನು ನಿಲ್ಲಿಸದೆ ಅದರ ದಿಕ್ಕನ್ನು ಬದಲಿಸಬೇಕು. ದಾಳ ಕೈಕೊಟ್ಟರೆ ಎಲ್ಲರೂ ದಡ ಸೇರುತ್ತಾರೆ, ಆದರೆ ಬುತ್ತಿಯ ಗಂಟು ಕೊಚ್ಚಿಹೋಗುತ್ತದೆ. ಇಲ್ಲವೆ ಓಲೆ ತೊಯ್ದು ಅಕ್ಷರಗಳು ಅಳಿಸುತ್ತವೆ. ಆಗ ರೋಣವನ್ನು ಸೇರಿದ ಮೇಲೆ ಮಾಡಲು ಹೊಸ ಕೆಲಸವೊಂದು ಹುಟ್ಟುತ್ತದೆ.

ಒಂದು ಅಂಕದ ಬೆಲೆ

ಅಂಬಿಗನು ನೀರನ್ನು ಬಲ್ಲವನು. ಅವನ ಮೊತ್ತಕ್ಕೆ 1 ಸೇರಿಸೋಣವೆಂದು ಸಾರಥಿಗೆ ತೋಚಬಹುದು. ಈ 1ರ ಬೆಲೆ ಎಲ್ಲ ಕಡೆಗೂ ಒಂದೇ ಅಲ್ಲ. 5 ಬೇಕಾದಲ್ಲಿ ಇನ್ನು 4 ಸಾಕಾಗುವುದರಿಂದ ಸಫಲ ರೀತಿಗಳು 30ರಿಂದ 33ಕ್ಕೆ ಏರುತ್ತವೆ. ಆದರೆ 9 ಬೇಕಾದ ಕಠಿಣ ಪರೀಕ್ಷೆಯಲ್ಲಿ ಅವು 10ರಿಂದ 15ಕ್ಕೆ, ಎಂದರೆ ಒಂದೂವರೆಪಟ್ಟು, ಏರುತ್ತವೆ. ಅಮೆರಿಕದ ಆಟದಲ್ಲಿ ಹೆಸರಾದ 20 ಮುಖದ ದಾಳದಲ್ಲಾದರೋ ಪ್ರತಿಯೊಂದು ಅಂಕವೂ ನೂರಕ್ಕೆ 5ರಷ್ಟನ್ನೇ ಕೂಡಿಸುತ್ತದೆ. ಆ ದಾಳವು ಇಪ್ಪತ್ತು ಸಮಬಾಹು ತ್ರಿಕೋನಗಳಿಂದಾದ ಘನಾಕೃತಿ. ಎಲ್ಲ ಮುಖಗಳೂ ಒಂದೇ ಬಗೆಯವಾದ್ದರಿಂದ ಯಾವುದರ ಮೇಲೂ ಪಕ್ಷಪಾತವಿಲ್ಲ.

ದಾಳ ದೊರೆಯದಿದ್ದರೆ ಚೌಕಾಬಾರದ ನಾಲ್ಕು ಕವಡೆಗಳನ್ನು ಬಳಸಬಹುದೆ? ಬಳಸಬಹುದು, ಅಳೆದ ಮೇಲೆ. ಕವಡೆಯ ಎರಡು ಮಗ್ಗುಲುಗಳ ಆಕಾರ ಬೇರೆಬೇರೆ. ಆದ್ದರಿಂದ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವೆಂದು ನಂಬುವಂತಿಲ್ಲ. ಅಂಗಾತ ಬೀಳುವ ಸಂಭವನೀಯತೆ 2/5 ಎಂದು ಭಾವಿಸೋಣ. ನಾಲ್ಕೂ ಅಂಗಾತ ಬೀಳುವ ಚೌಕಕ್ಕೆ 16/625. ನಾಲ್ಕೂ ಬೋರಲಾಗುವ ಬಾರಕ್ಕೆ 81/625. ಒಂದು ಕವಡೆಯಲ್ಲಿ ಅಲ್ಪವೆನಿಸಿದ ವ್ಯತ್ಯಾಸವು ನಾಲ್ಕು ಸೇರಿದಾಗ ಐದುಪಟ್ಟಾಯಿತು. ವಾಚಕರು ತಮ್ಮ ಮನೆಯ ಕವಡೆಯನ್ನು 200 ಬಾರಿ ಎಸೆದು ಲೆಕ್ಕವಿಡಲಿ. ಬರುವ ಅಂಕೆಯಿಂದ ತಮ್ಮದೇ ಕೋಷ್ಟಕವನ್ನು ಕಟ್ಟಬಹುದು.

ಸಾರಥಿಯ ನಿಷ್ಠೆ

“ಎರಡು ಸಲ ಸೋತೆ, ಮೂರನೆಯ ಸಲ ಗೆಲ್ಲಲೇಬೇಕು” ಎಂದು ಆಟಗಾರನು ವಾದಿಸುವುದುಂಟು. ದಾಳಕ್ಕೆ ನೆನಪಿಲ್ಲ. ಸತತವಾಗಿ ಮೂರು ಬಾರಿ 1/6ರ ಸೋಲು ಒದಗುವುದು 216ರಲ್ಲಿ ಒಮ್ಮೆ ಎಂಬುದು ನಿಜ. ಆದರೆ ಎರಡು ಆಗಿಹೋದ ಮೇಲೆ ಮೂರನೆಯದಕ್ಕೆ ಉಳಿದಿರುವುದು ಮತ್ತೆ ಅದೇ 1/6. ಜೂಜುಗಾರನನ್ನು ಕೆಡಿಸುವ ಈ ಭ್ರಮೆಯನ್ನು ಕಾಸಿನ ನಷ್ಟವಿಲ್ಲದೆ ಕಂಡುಕೊಳ್ಳಲು ಕಥಾಕ್ರೀಡೆಗಿಂತ ಒಳ್ಳೆಯ ಶಾಲೆ ವಿರಳ.

ಪ್ರಯೋಗಶಾಲೆಯಲ್ಲಿ ಫಲವನ್ನು ಕಂಡಮೇಲೆ ನಿಯಮವನ್ನು ತಿದ್ದುವುದಿಲ್ಲವಷ್ಟೆ? ಸಾರಥಿಯೂ ಹಾಗೆಯೇ ನಡೆಯಬೇಕು. ದಾಳ ಕೈಬಿಡುವ ಮುನ್ನವೇ ಎಷ್ಟು ಬೇಕು, ಬಿದ್ದರೆ ಏನು, ಬೀಳದಿದ್ದರೆ ಏನು ಎಂಬ ಮೂರನ್ನೂ ಎಲ್ಲರಿಗೂ ಕೇಳುವಂತೆ ಹೇಳಿ, ದಾಳವನ್ನು ಮೇಜಿನ ನಡುವೆ ಉರುಳಿಸಲಿ. ಬೀಳದಿದ್ದರೆ ಏನೆಂಬುದಕ್ಕೆ ಅವನಲ್ಲಿ ಉತ್ತರವಿಲ್ಲದಿದ್ದರೆ ಅಲ್ಲಿ ದಾಳದ ಅವಶ್ಯಕತೆಯೇ ಇಲ್ಲ. ಮೊದಲ ಆಟಕ್ಕೆ ಮೂರೇ ಸನ್ನಿವೇಶಗಳು ಸಾಕು: ಒಂದು ಹಳ್ಳ, ಒಂದು ಸರ್ಪ, ಒಂದು ಕೋಟೆಯ ಬಾಗಿಲು. ಪ್ರತಿಯೊಂದಕ್ಕೂ ಗೆಲುವಿನ ದಾರಿಯನ್ನೂ ಸೋಲಿನ ದಾರಿಯನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಬರುವ ಭಾನುವಾರವೇ ಗೆಳೆಯರನ್ನು ಕರೆಯಬಹುದು.