ಹಸಿವೆ ತಗ್ಗಿಸುವ ಚುಚ್ಚುಮದ್ದು ಮತ್ತು ಉಪವಾಸ

ನಾವು ಮೈಲಾರಲಿಂಗನೆಂದು ಪೂಜಿಸುವ ಜೇಜುರಿಯ ಖಂಡೋಬನ ಗಡವನ್ನು ಉಪವಾಸವಿದ್ದು ಏರುವ ಮಧುಮೇಹಿಗಳು ಈ ಸಂಗತಿಯನ್ನು ತಿಳಿದಿರಬೇಕು.

ಉಂಡೊಡನೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ನನ್ನು ಹೆಚ್ಚಿಸಿ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸಿ, ಕೆಲವೇ ನಿಮಿಷಗಳಲ್ಲಿ ಅಳಿಯುತ್ತದೆ. ಅದನ್ನು ಅನುಕರಿಸುವ ಮದ್ದುಗಳು ಬಹುಕಾಲ ಉಳಿಯುತ್ತವೆ. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಕ್ಸೆನಟೈಡನ್ನು ದಿನಕ್ಕೆರಡು ಬಾರಿ ಚುಚ್ಚಬೇಕಿತ್ತು. ಸೆಮಾಗ್ಲುಟೈಡ್ ವಾರಕ್ಕೊಮ್ಮೆ ಸಾಕು.

ಈ ಮದ್ದೊಂದರಿಂದಲೇ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಜೊತೆಗೆ ಇನ್ಸುಲಿನ್ನೋ ಗ್ಲಿಮೆಪಿರೈಡ್ ಗುಳಿಗೆಯೋ ಇದ್ದರೆ ಉಪವಾಸ ಅಪಾಯಕರ. ಹಸಿವೆ ತೋರಲಿಲ್ಲವೆಂದು ನಂಬಿ ಕೂರಬೇಡಿ. ಮೊದಲೇ ವೈದ್ಯರನ್ನು ಕೇಳಿರಿ. ನಡುಕ, ತಣ್ಣನೆಯ ಬೆವರು ಬಂದರೆ ಮೆಟ್ಟಿಲ ಮೇಲೆಯೇ ಕುಳಿತು ಸಕ್ಕರೆ ತಿನ್ನಿರಿ. ಮೈಲಾರಲಿಂಗನು ಮುನಿಯಲಾರನು.