ಸತ್ತ ಮಂಗನ ಸುದ್ದಿ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬುದೊಂದು ಕಾಡುಂಟು. 1957ನೆಯ ಇಸವಿಯ ಬೇಸಗೆಯ ಆರಂಭದಲ್ಲಿ ಆ ಕಾಡಿನ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದುವು. ಅದೇ ಕಾಲಕ್ಕೆ ಕಾಡಂಚಿನ ಹಳ್ಳಿಗಳಲ್ಲಿ ಸೌದೆಗೂ ಸೊಪ್ಪಿಗೂ ಹೋಗಿಬಂದವರು ಹಠಾತ್ತನೆ ಏರಿದ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ ಒಸರಿತು; ಕೆಲವರು ಮತ್ತೆ ಏಳಲಿಲ್ಲ. ಜನ ಅದನ್ನು ಮಂಗನ ಕಾಯಿಲೆ ಎಂದರು. ವಿಜ್ಞಾನ ಗ್ರಂಥಗಳಲ್ಲಿ ಅದು ಇಂದಿಗೂ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಪ್ರಸಿದ್ಧವಾಗಿದೆ.

ರೋಗಿಯ ಮಗ್ಗುಲಲ್ಲಿ ಕುಳಿತು ನಾಡಿ ಹಿಡಿದ ವೈದ್ಯನ ಕರ್ತವ್ಯ ಆ ಒಬ್ಬನ ಪ್ರಾಣವನ್ನು ಉಳಿಸುವುದರಲ್ಲಿ ಪರ್ಯವಸಾನವಾಗುತ್ತದೆ. ಆದರೆ ಈ ಊರಿಗೆ ಬಂದ ಜ್ವರ ಪಕ್ಕದ ಊರಿಗೇಕೆ ಬರಲಿಲ್ಲ, ಕಾಡಿಗೆ ಹೋದವರಿಗೆ ಬಂದುದು ಮನೆಯಲ್ಲಿದ್ದವರಿಗೇಕೆ ತಗುಲಲಿಲ್ಲ, ಮುಂದಿನ ವರ್ಷ ಅದು ಯಾವ ದಾರಿ ಹಿಡಿದೀತು ಎಂದು ವಿಚಾರಿಸತಕ್ಕವರು ಬೇರೆಯೇ ಇರಬೇಕಾಗುತ್ತದೆ. ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರವೂ ಅದಕ್ಕಾಗಿ ಏರ್ಪಟ್ಟ ಸಂಸ್ಥೆಗಳೂ ಇರುವುದು ಈ ವಿಚಾರಣೆಗಾಗಿ. ಆಸ್ಪತ್ರೆಯ ಕಟ್ಟಡಕ್ಕಾದರೆ ಶಿಲಾನ್ಯಾಸದ ಕಲ್ಲುಂಟು, ಅದರ ಮೇಲೆ ಮಂತ್ರಿಗಳ ಹೆಸರುಂಟು. ಬಾರದೆ ಹೋದ ಜ್ವರಕ್ಕೆ ಕಲ್ಲು ನೆಡುವವರು ಯಾರು? ಆದುದರಿಂದಲೇ ಈ ಸಂಸ್ಥೆಗಳ ಪರಿಚಯ ನಮ್ಮಲ್ಲಿ ಬಹುಮಂದಿಗೆ ಇಲ್ಲ.

ಕ್ಯಾಸನೂರಿನ ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಿಂದ ವೈರಸ್ ಸಂಶೋಧನ ಕೇಂದ್ರವೊಂದು ಸ್ಥಾಪಿತವಾಗಿತ್ತು. ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಏಷ್ಯಾ ಖಂಡದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲವಾದರೂ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಬೇಕಾದಷ್ಟಿತ್ತು. ಆದ್ದರಿಂದ ಅದೇ ಇದಾಗಿರಬಹುದೆ ಎಂಬ ಶಂಕೆ ವಿಜ್ಞಾನಿಗಳಿಗೆ ಉಂಟಾದುದು ಸಹಜ. ಪರೀಕ್ಷೆಯಿಂದ ತಿಳಿದುಬಂದುದೇ ಬೇರೆ. ಸತ್ತ ಮಂಗದಲ್ಲಿ ದೊರೆತದ್ದು ಅದುವರೆಗೆ ಯಾರೂ ಕಂಡರಿಯದ ವೈರಾಣು. ಅದರ ಬಂಧುಗಳಿದ್ದುದು ದೂರದ ರಷ್ಯದ ಕಾಡುಗಳಲ್ಲಿ. ಅದರ ವಾಹಕ ಸೊಳ್ಳೆಯಲ್ಲ, ಮಲೆನಾಡಿಗರೆಲ್ಲ ಬಲ್ಲ ಉಣುಗು.

ಈ ಉಣುಗಿನ ಜೀವನಕ್ರಮವನ್ನು ತುಸು ನಿಧಾನವಾಗಿ ನೋಡತಕ್ಕದ್ದು, ಏತಕ್ಕೆಂದರೆ ರೋಗದ ರಹಸ್ಯವೆಲ್ಲ ಅದರಲ್ಲಿ ಅಡಗಿದೆ. ತರಗೆಲೆಗಳ ನಡುವೆ ಮೊಟ್ಟೆಯೊಡೆದು ಬಂದ ಮರಿ ಮೊದಲು ಕಾಡಿಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರುತ್ತದೆ, ಮಂಗವನ್ನೂ ಹತ್ತುತ್ತದೆ. ಪೊರೆ ಕಳಚಿ ಎರಡನೆಯ ಅವಸ್ಥೆಗೆ ಬಂದಾಗ ಸಾಸಿವೆಕಾಳಿಗಿಂತ ದೊಡ್ಡದಲ್ಲದ ಅದು ಮನುಷ್ಯನ ಕಾಲಿಗೆ ಹತ್ತಿದರೆ ಅವನಿಗೆ ತಿಳಿಯುವುದೂ ಇಲ್ಲ. ಪೂರ್ಣ ಬೆಳೆದ ಮೇಲೆ ಅದಕ್ಕೆ ಬೇಕಾದುದು ಮೇಯಲು ಬಂದ ದನದ ಮೈ. ಒಮ್ಮೆ ಒಳಹೊಕ್ಕ ವೈರಾಣು ಪೊರೆ ಕಳಚಿದಾಗಲೂ ಅದನ್ನು ಬಿಟ್ಟು ಹೋಗದು. ಮಂಗ ಸತ್ತು ಅದರ ಮೈ ತಣ್ಣಗಾಯಿತೆಂದರೆ ಅದನ್ನು ಕಚ್ಚಿಕೊಂಡಿದ್ದ ಉಣುಗುಗಳೆಲ್ಲ ಉದುರಿ ಸುತ್ತಣ ನೆಲದಲ್ಲಿ ಹರಡುತ್ತವೆ; ಆ ನೆಲವೇ ಮುಂದೆ ವಿಷಭೂಮಿಯಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟದು. ನವೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ. ಅಡಿಕೆ ತೋಟಕ್ಕೆ ಸೊಪ್ಪು ತರಗು ತರಲು ಜನ ಬೆಟ್ಟಕ್ಕೆ ಹೋಗುವ ಕಾಲವೂ ಅದೇ.

ಹೀಗಿರುವಲ್ಲಿ ರಕ್ಷಣೆಯ ಮೊದಲ ಮೆಟ್ಟಲು ದೆಹಲಿಯಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯಿರುವ ಜಿನೀವದಲ್ಲಾಗಲಿ ಇಲ್ಲ. ಊರಿನ ಆಶಾ ಕಾರ್ಯಕರ್ತೆಯ ಮನೆಯ ಜಗುಲಿಯಲ್ಲಿದೆ. ಆಕೆ ಕೊಟ್ಟ ಸುದ್ದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ. ಇಂಥ ಕೇಂದ್ರಗಳು ಹಳ್ಳಿಗಾಡಿನಲ್ಲೆಲ್ಲ ಇರಬೇಕೆಂದು 1946ರಲ್ಲಿ ವರದಿಯಿತ್ತದ್ದು ಸರ್ ಜೋಸೆಫ್ ಭೋರ್ ಅವರ ಸಮಿತಿ. ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲೆಯ ರೋಗ ಸರ್ವೇಕ್ಷಣ ಘಟಕಕ್ಕೆ. ರೋಗಿಯ ರಕ್ತ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಶಿವಮೊಗ್ಗದ ಪ್ರಯೋಗಶಾಲೆಗೆ ಪಯಣಿಸುತ್ತದೆ. ಪುಣೆಯ ಕೇಂದ್ರವು 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯೆನಿಸಿಕೊಂಡು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಆಶ್ರಯದಲ್ಲಿ ಈ ಕೆಲಸಕ್ಕೆ ಬೆನ್ನೆಲುಬಾಗಿದೆ. ಇಷ್ಟಾದರೂ ಮಂಗದ ಶವವನ್ನು ಮೊದಲು ಕಾಣುವವನು ಬಹುಶಃ ಅರಣ್ಯ ಇಲಾಖೆಯ ಗಾರ್ಡು, ಅದನ್ನು ಪರೀಕ್ಷಿಸತಕ್ಕವನು ಪಶುವೈದ್ಯ. ಈ ಇಲಾಖೆಗಳು ಒಂದರೊಡನೊಂದು ಮಾತಾಡದೆ ಕಡತಗಳ ಹಿಂದೆ ಕುಳಿತರೆ ಉಣುಗು ಅವರಿಗಾಗಿ ಕಾಯುವುದಿಲ್ಲ.

ಲಸಿಕೆಯ ಕಥೆ ಅಷ್ಟು ಸಂತೋಷದ್ದಲ್ಲ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಕೆಲವು ತಿಂಗಳ ಮೇಲೆ ಮತ್ತೊಂದು, ಆಮೇಲೆ ವರ್ಷ ವರ್ಷವೂ ಎಂದರೆ, ಚುಚ್ಚಿದ ಕಡೆ ನೋವು ಬೇರೆ, ಕೂಲಿ ಬಿಟ್ಟು ಬರಲು ಜನ ಹಿಂಜರಿದರು. ಅದರ ಶಕ್ತಿಯೂ ಕುಂದಿತೆಂದು ಕಂಡುಬಂದು 2022ರ ಸುಮಾರಿಗೆ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಈ ರೋಗಕ್ಕೇ ಮೀಸಲಾದ ಔಷಧವಿಲ್ಲ. ರೋಗಿಗೆ ನೀರಿನಂಶ ಕುಂದದಂತೆ, ರಕ್ತಸ್ರಾವ ಉಲ್ಬಣಿಸದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಬೇಗ ಬಂದವರು ಬಹುಪಾಲು ಬದುಕಿಕೊಳ್ಳುತ್ತಾರೆ. ನಮ್ಮವರು ಕಾಡಿನೊಡನೆ ನಡೆಸಿದ ವ್ಯವಹಾರವೂ ಈ ಕಥೆಯಲ್ಲಿ ಸೇರಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ತರುವಾಯ ಕಾಯಿಲೆ ಭೀಕರವಾಗಿ ಕೆರಳಿತು. ಮುಂದೆ ಅದು ಬಂಡೀಪುರ, ವಯನಾಡು, ಗೋವೆ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸೀಮೆಯಲ್ಲಿ ಅನೇಕ ಮನೆಗಳ ದೀಪ ಆರಿಸಿತು.

ಪ್ರಯೋಗಶಾಲೆಗಳೂ ಪರಿಷತ್ತುಗಳೂ ಎಷ್ಟೇ ಬಲಿಷ್ಠವಾಗಿದ್ದರೂ ಸುದ್ದಿ ಬಾರದೆ ಅವು ಏನನ್ನೂ ಮಾಡಲಾರವು. ಮಲೆನಾಡಿನಲ್ಲಿ ಆ ಸುದ್ದಿ ಕೊಡತಕ್ಕವರು ನೀವೇ. ಕಾಡಿನಲ್ಲಾಗಲಿ ತೋಟದಲ್ಲಾಗಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಸುಳಿಯಬೇಡಿ; ಅಂದೇ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ.