ಗೋಕಾಕ ಫಾಲ್ಸ್: ನೀರಿನ ಬಲವನ್ನು ಅರಸಿ ಬಂದ ಗಿರಣಿ

ಗಿರಣಿಯನ್ನು ಎಲ್ಲಿ ಸ್ಥಾಪಿಸಬೇಕೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಉದ್ಯಮಿಗಳು ಸಾಮಾನ್ಯವಾಗಿ ಬಂದರನ್ನೋ ದೊಡ್ಡ ಪೇಟೆಯನ್ನೋ ಆರಿಸಿಕೊಳ್ಳುತ್ತಿದ್ದರು. ಮುಂಬಯಿಯ ಗಿರಣಿಗಳು ಹಾಗೆಯೇ ಬೆಳೆದವು. ಬೆಂಗಳೂರಿನಲ್ಲಿ 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಸಂಸ್ಥೆಯ ಹೆಸರಿನಿಂದ ಪ್ರಸಿದ್ಧವಾದ ಗಿರಣಿಯೂ ನಗರವನ್ನೇ ಆಶ್ರಯಿಸಿತು. ಆದರೆ 1885ರಲ್ಲಿ ಸ್ಥಾಪನೆಗೊಂಡ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಬೆಳಗಾವಿ ಜಿಲ್ಲೆಯಲ್ಲಿ, ಘಟಪ್ರಭಾ ನದಿಯು ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಬಂಡೆಯ ಅಂಚನ್ನು ಆರಿಸಿಕೊಂಡಿತು. ಕಂಪನಿಯ ಹೆಸರಿನಲ್ಲಿ ನೂಲಿನ ಸುಳಿವೇ ಇಲ್ಲ, ನೀರಿನ ಶಕ್ತಿಗೆ ಅಗ್ರಸ್ಥಾನವಿದೆ ಎಂಬುದು ಗಮನಾರ್ಹ.

ಈ ಆಯ್ಕೆಯ ಹಿಂದೆ ಸರಳವಾದ ಲೆಕ್ಕಾಚಾರವಿತ್ತು. ಹಬೆಯಂತ್ರಕ್ಕೆ ಬೇಕಾದ ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಅರಳೆಯಾದರೋ ಸಮೀಪದಲ್ಲಿಯೇ ಇತ್ತು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಅಲ್ಲಿನ ಹತ್ತಿಯ ಪೂರೈಕೆ ಕಡಿದಾಗ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೇಡಿಕೆ ಏರಿತ್ತು. 1887ರಲ್ಲಿ ಗೋಕಾಕದ ಗಿರಣಿ ಕಾರ್ಯಾರಂಭ ಮಾಡಿತು. ಅದೇ ವರ್ಷ ಇಲ್ಲಿ ಜಲವಿದ್ಯುತ್ತನ್ನೂ ಉತ್ಪಾದಿಸಲಾಯಿತೆಂಬ ಮಾತು ಪ್ರಚಲಿತದಲ್ಲಿದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ.

ನದಿಯ ಬಲಕ್ಕೆ ಒಂದು ಮಿತಿಯೂ ಇತ್ತು. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಗೆಯಲ್ಲಿ ಬಂಡೆ ಕಾಣುವಷ್ಟು ಸೊರಗುತ್ತದೆ. ಕದಿರುಗಳು ವರ್ಷವಿಡೀ ತಿರುಗಬೇಕಾದರೆ ನೀರನ್ನು ತಡೆದು ನಿಲ್ಲಿಸಲೇಬೇಕು. ಆದ್ದರಿಂದಲೇ ಜಲಪಾತದ ಮೇಲ್ಭಾಗದಲ್ಲಿರುವ ಧುಪದಾಳದ ಒಡ್ಡು ರೈತನ ಕಾಲುವೆಗೆ ಎಷ್ಟು ಮುಖ್ಯವೋ ಗಿರಣಿಗೂ ಅಷ್ಟೇ ಮುಖ್ಯವಾಯಿತು.

ಗಿರಣಿಯ ಸುತ್ತ ಕಾರ್ಮಿಕರ ಮನೆಗಳು, ಅಂಗಡಿಗಳು ಬೆಳೆದು ಗೋಕಾಕ ಪಟ್ಟಣದಿಂದ ಬೇರೆಯಾದ ಒಂದು ಊರೇ ರೂಪುಗೊಂಡಿತು. ‘ಗೋಕಾಕ ಫಾಲ್ಸ್’ ಎಂಬುದೇ ಅದರ ಹೆಸರಾಯಿತು. ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯು ಇಂದು ಪ್ರವಾಸಿಗರ ಆಕರ್ಷಣೆ.

ವಿದ್ಯುತ್ ತಂತಿ ಎಲ್ಲ ಊರುಗಳಿಗೂ ಹಬ್ಬಿದ ಮೇಲೆ ಜಲಪಾತದ ಬಳಿ ಇರುವುದರ ವಿಶೇಷ ಲಾಭ ಕುಗ್ಗಿತು. ವಿದ್ಯುತ್ ಮಗ್ಗಗಳ ಪೈಪೋಟಿ, 1982ರ ಮುಂಬಯಿ ಮುಷ್ಕರದ ನಂತರದ ದಿನಗಳು ಹಳೆಯ ಗಿರಣಿಗಳನ್ನು ಕಾಡಿದವು. ಇಲ್ಲಿ ನಗರದ ಗಿರಣಿಗೂ ನದಿಯ ಗಿರಣಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರಿನ ಬಿನ್ನಿ ಗಿರಣಿ ನಿಂತ ಮೇಲೆ ಅದರ ನೆಲದಲ್ಲಿ ವಸತಿ ಸಮುಚ್ಚಯಗಳು ಎದ್ದವು. ನೂಲಿಗಿಂತ ನೆಲಕ್ಕೇ ಬೆಲೆ ಹೆಚ್ಚಾಗಿತ್ತು. ಬಂಡೆಯ ಅಂಚಿನ ನೆಲಕ್ಕೆ ಅಂತಹ ಗಿರಾಕಿಗಳಿಲ್ಲ. ಅಲ್ಲಿ ಯಂತ್ರಗಳು ತಿರುಗಿದರೆ ಮಾತ್ರ ಕಿರಾಣಿ ಅಂಗಡಿಯ ಉದ್ರಿ ವಸೂಲಾಗುತ್ತದೆ.